ಮಾಡಿ ತೋರಿಸುವ ಮಕ್ಕಳು, ನೋಡಲು ಬರುವ ಸಾಹೇಬರು

ಖರಾಡಿಯ ನಮ್ಮ ಸೊಸೈಟಿಯಲ್ಲಿ ಸಣ್ಣ ಮಕ್ಕಳಿರುವ ಮನೆಗಳಲ್ಲಿ ಈಗ 'ಪರೀಕ್ಷೆ' ಅನ್ನುವುದಕ್ಕಿಂತ 'ಆಕ್ಟಿವಿಟಿ' ಅನ್ನುವ ಮಾತೇ ಜಾಸ್ತಿ. ಗಣಿತಕ್ಕೆ ಅಂಗಡಿ ಆಟ ಆಡಿ ಚಿಲ್ಲರೆ ಎಣಿಸಬೇಕು. ಪರಿಸರಕ್ಕೆ ಕಾಳು ಮೊಳಕೆ ಬರಿಸಿ ದಿನಾ ಅಳೆದು ಬರೆದಿಡಬೇಕು. ಭಾಷೆಗೆ ನಿಂತು ಕತೆ ಹೇಳಬೇಕು. ಇದೆಲ್ಲ ಹೊಸದು, ಪರದೇಶದಿಂದ ಬಂದದ್ದು ಅಂತ ಬಹಳ ಜನರ ನಂಬಿಕೆ. ನಾನು ಓದಿದ್ದು ಬಿ.ಕಾಂ., ಇತಿಹಾಸಕಾರನಲ್ಲ. ಆದರೆ ಹಳೆಯ ಸರಕಾರಿ ವರದಿಗಳನ್ನು ಓದುವ ಚಟ ಉಂಟು. ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ನೋಡುತ್ತಲೇ ತಲೆ ನೆರೆತವನಿಗೆ ಈ ಕತೆ ತೀರಾ ಪರಿಚಯದ್ದು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಮಾಹಿತಿ ಕೇಳಿದ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಶಾಲೆಗೆ ಸರಾಸರಿ ಹನ್ನೆರಡು ಮಂದಿ ಅಷ್ಟೇ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ 'ಸರಸ್ವತಿ' ಅಂತ ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು... ಹೀಗೆ ಏರುತ್ತಾ ಹೋಗುವುದು. ಕಲಿಕೆ ಮೊದಲು ಮರಳ ಮೇಲೆ ಬೆರಳಿನಿಂದ. ಆಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಚಿ, ಇದ್ದಿಲು ಮತ್ತು ಅಂಟು ಕಲಸಿ ಬಳಿದದ್ದೇ ಕಡತ. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು.

ನನಗೆ ಹಿಡಿಸಿದ್ದು ಮುಂದಿನ ಭಾಗ. ಮೇಷ್ಟ್ರು ಅಲ್ಲಿಂದ ಇಲ್ಲಿಂದ ಬೇರೆ ಬೇರೆ ಕೈಬರಹದ ಕಾಗದಗಳನ್ನು ಕೂಡಿಸಿ ತರುತ್ತಿದ್ದರು. ಅವನ್ನು ಹುಡುಗ ಓದಿ ಹೇಳಬೇಕು. ಪತ್ರ ಬರೆಯಬೇಕು, ಕರಾರು ಪತ್ರದ ಒಕ್ಕಣೆ ಮಾಡಬೇಕು. ಕಾಲು, ಕಾಲಿನ ಕಾಲು ಅಂತ ಇಳಿಯುವ ಭಿನ್ನರಾಶಿ ಬಾಯಲ್ಲಿರಬೇಕು. ಇವತ್ತು ಶಿಕ್ಷಣ ತಜ್ಞರು ಬಯಸುವುದು ಇದನ್ನೇ ಅಲ್ಲವೇ? ಬದುಕಿನಲ್ಲಿ ಬರುವ ಕೆಲಸವನ್ನೇ ಮಗುವಿಗೆ ಕೊಟ್ಟು ನೋಡುವುದು. ಹಾಗಂತ ಆ ಶಾಲೆಗಳೆಲ್ಲ ಸ್ವರ್ಗ ಅನ್ನುವಂತಿಲ್ಲ. ಅರ್ಥವೇ ಆಗದ ಹಳಗನ್ನಡ ಪದ್ಯಗಳನ್ನು ಉರು ಹೊಡೆಸುತ್ತಾರೆ ಅಂತ ಅದೇ ಕ್ಯಾಂಪ್‌ಬೆಲ್ ಬೇಸರಿಸಿದ್ದಾನೆ. ಹೆಣ್ಣುಮಕ್ಕಳು ಅಲ್ಲಿ ಬಹುಪಾಲು ಇರಲೇ ಇಲ್ಲ.

ನಂತರ ಬಂತು ನೋಡಿ, ದುಡ್ಡಿನ ಲೆಕ್ಕ. 1862ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೋ ಎಂಬ ಮಂತ್ರಿ 'ಫಲಿತಾಂಶ ನೋಡಿ ಹಣ' ಎಂಬ ನಿಯಮ ತಂದ. ಇನ್‌ಸ್ಪೆಕ್ಟರ್ ಬಂದು ಒಂದೊಂದೇ ಮಗುವಿನಿಂದ ಓದಿಸಿ, ಬರೆಸಿ, ಲೆಕ್ಕ ಮಾಡಿಸಬೇಕು. ಮೂರರಲ್ಲೂ ಪಾಸಾದ ಮಗುವಿಗೆ ಶಾಲೆಗೆ ಎಂಟು ಶಿಲಿಂಗ್. ಒಂದರಲ್ಲಿ ಫೇಲಾದರೆ ಎರಡು ಶಿಲಿಂಗ್ ಎಂಟು ಪೆನ್ಸ್ ಕಡಿತ. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್. ಇದರಿಂದ ಪಾಠ ಯಾಂತ್ರಿಕವಾಗುತ್ತಿದೆ, ಮಕ್ಕಳು ಅರ್ಥ ತಿಳಿಯದೆ ಪುಸ್ತಕ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಾರೆ ಅಂತ ತನ್ನ ವರದಿಗಳಲ್ಲೇ ದೂರಿದ.

ಅದೇ ದಶಕದಲ್ಲಿ ಈ ಪದ್ಧತಿ ಮುಂಬೈ ಪ್ರಾಂತದ ಅನುದಾನ ನಿಯಮಗಳಿಗೂ ಕಾಲಿಟ್ಟಿತು. ನಮ್ಮ ಧಾರವಾಡ, ಬೆಳಗಾವಿ ಎಲ್ಲ ಆಗ ಅದೇ ಪ್ರಾಂತ. ಡೆಪ್ಯುಟಿ ಚನ್ನಬಸಪ್ಪನವರ ಹೆಸರಿಗೆ ಅಂಟಿಕೊಂಡ 'ಡೆಪ್ಯುಟಿ' ಕೂಡ ಶಾಲಾ ತಪಾಸಣೆಯ ಹುದ್ದೆಯೇ. 1882ರ ಹಂಟರ್ ಆಯೋಗವೂ ಪ್ರಾಥಮಿಕ ಶಾಲೆಗಳಿಗೆ ಫಲಿತಾಂಶ ನೋಡಿಯೇ ಹಣ ಕೊಡುವುದು ಮೇಲು ಅಂತು, ಹಿಂದುಳಿದ ಪ್ರದೇಶಗಳಿಗೆ ಮಾತ್ರ ವಿನಾಯಿತಿ.

ಅದೇ ಆಯೋಗಕ್ಕೆ ಪುಣೆಯಿಂದ ಒಂದು ಹೇಳಿಕೆ ಹೋಯಿತು. ಬರೆದವರು ಜ್ಯೋತಿಬಾ ಫುಲೆ. ಪ್ರಾಥಮಿಕ ಶಾಲೆಗಳ ತಪಾಸಣೆ ತೀರಾ ಸಾಲದು, ವರ್ಷಕ್ಕೊಮ್ಮೆ ಡೆಪ್ಯುಟಿ ಬಂದು ಹೋದರೆ ಉಪಯೋಗವಿಲ್ಲ, ಮೂರು ತಿಂಗಳಿಗೊಮ್ಮೆಯಾದರೂ ಬರಬೇಕು, ಉಳಿದ ಸಮಯದಲ್ಲೂ ಮೊದಲೇ ತಿಳಿಸದೆ ಹೋಗಿ ನೋಡಬೇಕು ಅಂದರು. ಮೊದಲೇ ತಿಳಿಸದೆ! ಬ್ಯಾಂಕಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ 31ಕ್ಕೆ ಕಾಣುವ ಡಿಪಾಜಿಟ್ ಏಪ್ರಿಲ್ ಮೊದಲ ವಾರಕ್ಕೆ ಎಲ್ಲಿರುತ್ತದೆ ಅಂತ ನಮಗೆ ಗೊತ್ತು. ದಿನ ಗೊತ್ತಿದ್ದರೆ ಶಾಖೆ ಶೃಂಗಾರ ಆಗುತ್ತದೆ, ಶಾಲೆಯೂ ಆಗುತ್ತದೆ.

ಲಾರ್ಡ್ ಕರ್ಜನ್ ಸರಕಾರ 1904ರ ಶಿಕ್ಷಣ ನಿರ್ಣಯದಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು. ನಿಯಮವೇನೋ ಹೋಯಿತು, ಚಾಳಿ ಹೋಗಲಿಲ್ಲ. 1970ರ ದಶಕದ ಕೊನೆಯಲ್ಲಿ ನಾನು ಓದಿದ ಹಳ್ಳಿ ಶಾಲೆಯಲ್ಲಿ ಸಾಹೇಬರು ಬರುವ ಹಿಂದಿನ ದಿನ ಸಗಣಿ ಸಾರಿಸಿ, ಮಾವಿನ ತೋರಣ ಕಟ್ಟಿ, ಮಗ್ಗಿ ಚೆನ್ನಾಗಿ ಬರುವ ಹುಡುಗರನ್ನು ಮುಂದಿನ ಸಾಲಿಗೆ ತಂದು ಕೂಡಿಸುತ್ತಿದ್ದರು. ಹಿಂದಿನ ಸಾಲಿನವರಿಗೆ ಒಂದೇ ಅಪ್ಪಣೆ, ಬಾಯಿ ಬಿಡಬೇಡ್ರಿ. ಸಾಹೇಬರು ಖುಷಿ, ಮಾಸ್ತರರು ಖುಷಿ. ಹಿಂದಿನ ಸಾಲಿನ ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಆ ದಿನ ಯಾರಿಗೂ ತಿಳಿಯಲಿಲ್ಲ. ನಿಜಕ್ಕೂ ತಿಳಿಯಬೇಕಿದ್ದದ್ದು ಅದೊಂದೇ.

ನಡುವೆ ಇನ್ನೊಂದು ದೊಡ್ಡ ಪ್ರಯತ್ನ ನಡೆದಿತ್ತು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣ. ಜಾಕಿರ್ ಹುಸೇನ್ ಸಮಿತಿ ಹಾಕಿದ ವೇಳಾಪಟ್ಟಿಯಲ್ಲಿ ದಿನಕ್ಕೆ 3 ಗಂಟೆ 20 ನಿಮಿಷ ನೂಲುವುದು ಅಥವಾ ಬೇರೆ ಕೈಕಸಬು. ಗಣಿತ, ಭಾಷೆ, ವಿಜ್ಞಾನ ಅದರ ಜೊತೆ ಹೊಂದಿಕೊಂಡು ಬರಬೇಕು. ಎಷ್ಟು ನೂತೆ, ಎಷ್ಟು ಹತ್ತಿ ಹಾಳಾಯಿತು ಅನ್ನುವುದೇ ಲೆಕ್ಕದ ಪಾಠ. ಪರೀಕ್ಷೆಯ ಬಗ್ಗೆ ಸಮಿತಿ ಹೇಳಿದ್ದು ನನಗೆ ಬಹಳ ಇಷ್ಟವಾಯಿತು. ಎಲ್ಲರನ್ನೂ ಕೂರಿಸಿ ಪರೀಕ್ಷೆ ಬೇಡ, ಆಯ್ದ ಕೆಲವು ಮಕ್ಕಳ ಸಾಧನೆಯನ್ನು ಅಳೆದು ಶಾಲೆಗಳ ಸ್ಥಿತಿ ತಿಳಿಯಬಹುದು. ನಮ್ಮ ಭಾಷೆಯಲ್ಲಿ ಇದು ಟೆಸ್ಟ್ ಚೆಕ್! ಮೂಲ ಶಿಕ್ಷಣದ ಮೊದಲ ಸಮ್ಮೇಳನ ನಡೆದದ್ದೂ ನಮ್ಮ ಪುಣೆಯಲ್ಲೇ, 1939ರ ಅಕ್ಟೋಬರಿನಲ್ಲಿ. ಆದರೆ ಇಲ್ಲೂ ಒಂದು ಗಂಟು ಇತ್ತು. ಮಕ್ಕಳು ತಯಾರಿಸಿದ್ದನ್ನು ಮಾರಿ ಶಾಲೆಯ ಖರ್ಚು ಹೊರಡಿಸಬೇಕು ಎಂಬ ಆಸೆ. ನೂಲು ಕಲಿಕೆಯ ಅಳತೆಯೋ, ಮೇಷ್ಟ್ರ ಸಂಬಳದ ಮೂಲವೋ? ಆಗಲೇ ಹಲವರು ಇದನ್ನು ಕೇಳಿದ್ದರು.

ಹಣದ ಗಂಟಿಲ್ಲದ ಪ್ರಯೋಗ ನೋಡಬೇಕೆಂದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಗೆ ಬರಬೇಕು. 1995ರಲ್ಲಿ ಅಲ್ಲಿನ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ, ಯುನಿಸೆಫ್ ನೆರವಿನಿಂದ 'ನಲಿ ಕಲಿ' ಶುರು ಮಾಡಿದರು. ಪಾಠವೆಲ್ಲ ಕಾರ್ಡುಗಳಲ್ಲಿ. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಮೇಷ್ಟ್ರ ಪೂರ್ಣ ಸಹಾಯ ಬೇಕಾದ ಮಗು ಒಂದು ಗುಂಪಿನಲ್ಲಿ, ತಾನೇ ಮಾಡಬಲ್ಲ ಮಗು ಇನ್ನೊಂದರಲ್ಲಿ. ಏಣಿಯ ನಡುವೆಯೇ ಮೌಲ್ಯಮಾಪನದ ಕಾರ್ಡು ಬರುತ್ತದೆ. ಮಗು ಅದನ್ನು ಮಾಡಿ ತೋರಿಸಿದರೆ ಮುಂದಕ್ಕೆ, ಬಾರದಿದ್ದರೆ ಇನ್ನಷ್ಟು ಅಭ್ಯಾಸ. ಪರೀಕ್ಷೆ ಅಂತ ಮಗುವಿಗೆ ಗೊತ್ತೇ ಆಗುವುದಿಲ್ಲ. 2009-10ರಲ್ಲಿ ಇದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿತು.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿ ನಿರಂತರ ಮೌಲ್ಯಮಾಪನ ದೇಶಕ್ಕೇ ಕಾನೂನಾಯಿತು. ಕರ್ನಾಟಕದಲ್ಲಿ ರೂಪಣಾತ್ಮಕ, ಸಂಕಲನಾತ್ಮಕ ಅಂದರು. ಮಹಾರಾಷ್ಟ್ರದಲ್ಲಿ ಆಕಾರಿಕ, ಸಂಕಲಿತ. ಇಲ್ಲಿ 2010ರ ಆದೇಶದಂತೆ ಒಂದು, ಎರಡನೇ ತರಗತಿಗೆ ಶೇ. 70 ಆಕಾರಿಕ. ದಿನದ ಗಮನಿಕೆ, ಬಾಯಿಮಾತಿನ ಕೆಲಸ, ಪ್ರಯೋಗ, ಪ್ರಕಲ್ಪ ಎಲ್ಲ ಅದರೊಳಗೇ. ಕಾಗದದ ಮೇಲೆ ಬಹಳ ಚೆಂದ. ಆದರೆ ಪ್ರಕಲ್ಪಕ್ಕೆ ಅಂಕ ಬಂದ ಕೂಡಲೇ ಹಳೆಯ ಚಾಳಿ ಮನೆಯೊಳಗೇ ಬಂತು. ಮೊದಲು ಮಾಸ್ತರರು ಶೃಂಗಾರ ಮಾಡುತ್ತಿದ್ದರು, ಈಗ ಅಪ್ಪ ಅಮ್ಮ ರಾತ್ರಿ ಕೂತು ಚಾರ್ಟ್ ಅಂಟಿಸುತ್ತಾರೆ.

ಅತ್ತ ಪಬ್ಲಿಕ್ ಪರೀಕ್ಷೆಯೂ ಹಿಂತಿರುಗಿತು. 2019ರ ತಿದ್ದುಪಡಿಯಿಂದ 5 ಮತ್ತು 8ನೇ ತರಗತಿಗೆ ಪರೀಕ್ಷೆಯ ದಾರಿ ತೆರೆಯಿತು. ಕರ್ನಾಟಕ ನಡೆಸಿದ ಇಂಥ ಪರೀಕ್ಷೆಗಳು ಕೋರ್ಟು ಹತ್ತಿದವು. ಹೈಕೋರ್ಟು ಒಪ್ಪಿದರೂ 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇದರ ನಡುವೆ ಹತ್ತು ವರ್ಷದ ಮಕ್ಕಳು!

ಇನ್ನೂರು ವರ್ಷದ ಈ ಖಾತೆ ತಿರುವಿದಾಗ ನನಗೆ ತೋರುವುದು ಇಷ್ಟೇ. ಮಗು ಮಾಡಿ ತೋರಿಸುವ ಪದ್ಧತಿಯಲ್ಲಿ ದೋಷವಿಲ್ಲ. ಅದರ ಫಲಿತಾಂಶಕ್ಕೆ ಬೇರೆ ಯಾರದೋ ಲಾಭ ಕಟ್ಟಿದಾಗಲೆಲ್ಲ, ಅದು ಅನುದಾನವಿರಲಿ, ಶಾಲೆಯ ಹೆಸರಿರಲಿ, ಅಪ್ಪ ಅಮ್ಮನ ಪ್ರತಿಷ್ಠೆಯಿರಲಿ, ಅದು ನಾಟಕವಾಗಿದೆ. ಸರಕಾರಕ್ಕೆ ಲೆಕ್ಕ ಬೇಕೆಂದರೆ ಟೆಸ್ಟ್ ಚೆಕ್ ಸಾಕು. ಉಳಿದದ್ದು ಮೇಷ್ಟ್ರು ಮತ್ತು ಮಗುವಿನ ನಡುವೆ ಇರಲಿ. ಮನೆಯವರು ಮಗುವಿನ ಸೊಟ್ಟ ಚಿತ್ರವನ್ನು ಸೊಟ್ಟಗೇ ಶಾಲೆಗೆ ಕಳಿಸಲಿ. ಇಲ್ಲದಿದ್ದರೆ ಎಲ್ಲಿ ಕಲಿಸಬೇಕು ಅಂತ ಮೇಷ್ಟ್ರಿಗೆ ತಿಳಿಯುವುದಾದರೂ ಹೇಗೆ?

ಬಳ್ಳಾರಿಯ ಹುಡುಗನ ಕಡತ ಅಳಿಸಿ ಬರೆಯುವಂಥದ್ದು. ನಮ್ಮ ಕಚೇರಿಗೆ ಬಂದ ಮೇಲೆ ಅದೇ ಮಾತು ಫೈಲಿಗೆ ಹೆಸರಾಯಿತು, ಅದರಲ್ಲಿ ಬಿದ್ದದ್ದು ಅಳಿಯುವುದಿಲ್ಲ. ಏಳು ವರ್ಷದ ಮಗುವಿಗೆ ಬೇಕಿರುವುದು ಮೊದಲಿನ ಕಡತ.

ನಿಮ್ಮ ಕಡೆ ಸಾಹೇಬರು ಬರುವ ದಿನ ಹೇಗಿರುತ್ತಿತ್ತು? ಮುಂದಿನ ಸಾಲಿನವರೂ ಹೇಳಿ, ಹಿಂದಿನ ಸಾಲಿನವರಂತೂ ತಪ್ಪದೆ ಹೇಳಿ.