ಅಕ್ಷರದ ಗುರುತು

ಕಳೆದ ಆಷಾಢದಲ್ಲಿ ಖಾನಾಪುರದಿಂದ ನನಗೊಂದು ಪತ್ರ ಬಂದಿತು. ಒಕ್ಕಣೆ ನನ್ನ ಗೆಳೆಯರದು, ಅಕ್ಷರ ಅವರದಾಗಿರಲಿಲ್ಲ. ದುಂಡಗೆ, ಒಂದೇ ಅಳತೆಯಲ್ಲಿ, ಒಂದು ತಪ್ಪೂ ಇಲ್ಲದಂತೆ ಬರೆದ ಕಾಗದ. ಕೈ ನಡುಗುವುದರಿಂದ ಮೊಮ್ಮಗನ ಕೈಯಿಂದ ಬರೆಯಿಸುತ್ತಿರುವೆನೆಂದೂ, ಅನ್ಯಥಾ ಭಾವಿಸಬಾರದೆಂದೂ ಎರಡನೆಯ ಸಾಲಿನಲ್ಲಿಯೇ ಇದ್ದಿತು. ಓದಿ ಮುಗಿಸಿದೆ, ಸುದ್ದಿಯೆಲ್ಲ ತಿಳಿಯಿತು. ಆದರೂ ಪತ್ರ ಬಂದಿತೆಂಬ ಸಮಾಧಾನ ಉಂಟಾಗಲಿಲ್ಲ. ಇದೇಕೆ ಹೀಗೆ ಎಂದು ಯೋಚಿಸುತ್ತ ಕುಳಿತಾಗ ಮನಸ್ಸು ಇನ್ನೂರು ವರ್ಷ ಹಿಂದಕ್ಕೆ, ಕಿತ್ತೂರಿಗೆ ಹೋಯಿತು. ಆ ಮಾತನ್ನು ಮುಂದೆ ಹೇಳುತ್ತೇನೆ.

ಬೆಳಗಾವಿಗೂ ಖಾನಾಪುರಕ್ಕೂ ಸುಮಾರು 26 ಕಿಲೋಮೀಟರು. ಬಸ್ಸಿದೆ, ರೈಲಿದೆ. ಇಷ್ಟು ಸಮೀಪದಲ್ಲಿರುವ ಇಬ್ಬರು ಐವತ್ತು ವರ್ಷ ಪತ್ರ ಬರೆದುಕೊಂಡರೆಂದರೆ ಕೇಳಿದವರು ನಗುತ್ತಾರೆ. ನಗಲಿ. 1973ರ ಬೇಸಿಗೆಯಲ್ಲಿ ಖಾನಾಪುರದ ಬಸ್ಸಿನಲ್ಲಿ ನಮಗೆ ಪರಿಚಯವಾಯಿತು. ಅವರ ಮನೆಮಾತು ಮರಾಠಿ, ನನ್ನದು ಕನ್ನಡ. ಅವರಿಗೆ ಕನ್ನಡ ಬರೆಯಲು ಕಲಿಯುವ ಆಸೆ. ನನಗೆ ಮರಾಠಿಯನ್ನು ಆಡಲು ಬರುತ್ತಿದ್ದರೂ ಬರೆಯಲು ಬರುತ್ತಿರಲಿಲ್ಲ. ಇಳಿಯುವ ಮುನ್ನ ಒಂದು ಕರಾರು ಮಾಡಿಕೊಂಡೆವು: ಅವರು ನನಗೆ ಕನ್ನಡದಲ್ಲಿ ಬರೆಯತಕ್ಕದ್ದು, ನಾನು ಅವರಿಗೆ ಮರಾಠಿಯಲ್ಲಿ; ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ ಮುಂದಿನ ಪತ್ರದೊಡನೆ ಹಿಂದಿರುಗಿಸತಕ್ಕದ್ದು. ಮರಾಠಿಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಆದುದರಿಂದ ಅವರ ಕನ್ನಡದಲ್ಲಿ ‘ಮೇಲೆ’ ಯಾವಾಗಲೂ ‘ಮೆಲೆ’, ‘ಓದು’ ಯಾವಾಗಲೂ ‘ಒದು’. ನನ್ನ ಮರಾಠಿಯಲ್ಲಿ ಲಿಂಗಗಳ ಗೊಂದಲ; ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದವೇಕೆ ಎಂದು ನಾನು ವಾದಿಸುತ್ತಿದ್ದೆ. ಎರಡು ವರ್ಷಗಳಾದ ಬಳಿಕ ಇಬ್ಬರೂ ತಿದ್ದುವುದನ್ನು ಬಿಟ್ಟೆವು, ಬರೆಯುವುದನ್ನು ಬಿಡಲಿಲ್ಲ. ಈ ಐವತ್ತು ವರ್ಷಗಳಲ್ಲಿ ಮುಖತಃ ಭೇಟಿಯಾದದ್ದು ಎಂಟೋ ಒಂಬತ್ತೋ ಸಲ. ಭೇಟಿಯಾದಾಗಲೆಲ್ಲ ಮಾತಿಗೆ ತಡಕಾಡಿದ್ದೇವೆ.

ಪತ್ರದಿಂದ ಬೆಳೆದ ಗೆಳೆತನದ ಸ್ವಭಾವವೇ ಅದೆಂದು ತೋರುತ್ತದೆ. ಎದುರಿಗೆ ಕುಳಿತವನಿಗೆ ತಕ್ಷಣ ಉತ್ತರ ಹೇಳಬೇಕಾಗುತ್ತದೆ; ಪತ್ರಕ್ಕೆ ಉತ್ತರ ಬರೆಯುವವನಿಗೆ ನಾಲ್ಕು ದಿನಗಳ ವಿರಾಮವಿರುತ್ತದೆ. ಆ ನಾಲ್ಕು ದಿನ ಗೆಳೆಯನು ಮನೆಯಲ್ಲಿಯೇ ಇಳಿದುಕೊಂಡಂತೆ.

ಈ ಸುಖ ಎಲ್ಲರಿಗೂ ಸುಲಭವಾಗಿ ಸಿಕ್ಕುದು ಬಹಳ ಹಿಂದಿನ ಮಾತಲ್ಲ. ಪೂರ್ವದಲ್ಲಿ ಓಲೆ ಎಂಬುದು ಅರಮನೆಯ ಮತ್ತು ಮಠದ ವಸ್ತು. ನಮ್ಮ ಭಾಗದ ‘ವಾಲೀಕಾರ’ ಎಂಬ ಅಡ್ಡಹೆಸರು ಓಲೆ ಒಯ್ಯುವ ಓಲೆಕಾರನಿಂದ ಬಂದುದು. ಅವನು ಒಯ್ಯುತ್ತಿದ್ದುದು ಹೆಚ್ಚಾಗಿ ಸರಕಾರದ ತಗಾದೆಯನ್ನು, ಗೆಳೆಯರ ಕುಶಲವನ್ನಲ್ಲ. ಮರಾಠರ ಆಳಿಕೆಯಲ್ಲಿ ಪತ್ರವ್ಯವಹಾರಕ್ಕೆ ಚಿಟ್ನೀಸ ಎಂಬ ಬೇರೆ ಅಧಿಕಾರಿಯೇ ಇದ್ದನು, ಲಿಪಿ ಮೋಡಿ. ಟಾಕನ್ನು ಆದಷ್ಟು ಎತ್ತದೆ ಓಡಿಸುವ ಬರಹವಾದುದರಿಂದ ಮೋಡಿಯಲ್ಲಿ ಬರೆದವನ ಅವಸರವೂ ಕಾಣುತ್ತದೆ, ಸೋಮಾರಿತನವೂ ಕಾಣುತ್ತದೆ. ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಅಂಥ ಕಾಗದಗಳಿದ್ದವು. ಓದಲು ನನಗೆ ಬರುವುದಿಲ್ಲ. ನೋಡಿ ನೋಡಿ ಮಡಚಿಡುತ್ತೇನೆ.

ಕಂಪನಿ ಸರಕಾರದ ಕಾಲದಲ್ಲಿ ಪತ್ರದ ಕೂಲಿಯನ್ನು ದೂರಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಿದ್ದರು. 1854ರ ಅಕ್ಟೋಬರಿನಲ್ಲಿ ಆ ಪದ್ಧತಿ ಮುರಿಯಿತು. ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ. ಅದು ಪಕ್ಕದ ಊರಿಗೆ ಹೋಗಲಿ, ಕಲಕತ್ತೆಗೆ ಹೋಗಲಿ. ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ 1840ರಲ್ಲಿ ಮಾಡಿಸಿದ ಸುಧಾರಣೆಯೇ ಇಲ್ಲಿಗೂ ಬಂದಿತು. ಸ್ನೇಹಕ್ಕೆ ದೂರದ ಲೆಕ್ಕವಿಲ್ಲವೆಂದು ಕವಿಗಳು ಹೇಳುತ್ತಲೇ ಬಂದಿದ್ದರು, ಸರಕಾರ ಒಪ್ಪಿಕೊಂಡದ್ದು ಅಂದು! ಅಂಟುಚೀಟಿ ಹಚ್ಚದೆ ಹಾಕಿದ ಬೇರಿಂಗ್ ಪತ್ರಕ್ಕೆ ಪಡೆಯುವವನು ಇಮ್ಮಡಿ ಕೊಡಬೇಕಾಗಿತ್ತು. ಹೊರಗಿನಿಂದಲೇ ಅಕ್ಷರದ ಗುರುತು ಹಿಡಿದು, ‘ಬದುಕಿದ್ದಾನೆ, ಇಷ್ಟು ಸಾಕು’ ಎಂದು ಹಣ ಕೊಡದೆ ಪತ್ರವನ್ನು ಹಿಂದಿರುಗಿಸುತ್ತಿದ್ದ ಜಾಣರ ಕಥೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಒಡೆಯದ ಲಕೋಟೆಯ ಮೇಲಿನ ಅಕ್ಷರವೇ ಪತ್ರದ ಮುಖ್ಯ ಸುದ್ದಿಯಾಗಿದ್ದಿತು ಎಂಬುದನ್ನು ವಾಚಕರು ಗಮನಿಸಬೇಕು.

1879ರ ಜುಲೈ 1ರಂದು ಕಾಲು ಆಣೆಯ ಕಾರ್ಡು ಬಂದಿತು. ಮುಂದಿನ ದಶಕದಲ್ಲಿ ಲೋಂಡಾ, ಖಾನಾಪುರ, ಬೆಳಗಾವಿಗಳನ್ನು ರೈಲು ಹೊಸೆಯಿತು. ಅಲ್ಲಿಯವರೆಗೆ ಮಳೆಗಾಲದಲ್ಲಿ ಕಾಡು ಕೆಸರುಗಳನ್ನು ದಾಟಿ ಹರಕಾರನು ತರಬೇಕಾಗಿದ್ದ ಟಪಾಲು ಚೀಲ ರೈಲು ಡಬ್ಬಿಯಲ್ಲಿ ಬರತೊಡಗಿತು. ಬಡವನಿಗೂ ಪತ್ರ ಕೈಗೆಟುಕಿದ್ದು ಕಾರ್ಡಿನಿಂದಲೇ. ಗುಟ್ಟಂತೂ ಅದರಲ್ಲಿ ಉಳಿಯುತ್ತಿರಲಿಲ್ಲ. ಟಪಾಲಿನವನು ಓದಿಕೊಂಡೇ ಬರುತ್ತಿದ್ದ; ಓದಲು ಬಾರದವರಿಗೆ ಓದಿಯೂ ಹೇಳುತ್ತಿದ್ದ. ಮದುವೆಯ ಕಾಗದದ ಮೂಲೆಗೆ ಅರಿಸಿನ ಕುಂಕುಮ. ಸಾವಿನ ಕಾರ್ಡನ್ನು ಓದಿದೊಡನೆ ಹೊರಗೇ ಹರಿದು ಚೆಲ್ಲುವುದು. ಗಂಡನ ಮನೆಯಲ್ಲಿದ್ದ ಮಗಳು ಪಂಚಮಿಗೆ ಕರೆಯಲು ಯಾವಾಗ ಬರುತ್ತೀರೆಂದು ತವರಿಗೆ ಬರೆಯಬೇಕು. ಅದನ್ನು ಅತ್ತೆಯ ಕಣ್ಣಿನ ಮುಂದೆಯೇ ಕಾರ್ಡಿನಲ್ಲಿ ಬರೆಯಬೇಕು. ‘ನಾನು ಸುಖವಾಗಿದ್ದೇನೆ’ ಎಂದು ಅವಳು ಬರೆದ ಸಾಲಿನ ಅಕ್ಷರ ಸೊಟ್ಟಗಿದ್ದರೆ ತಾಯಿಗೆ ತಿಳಿಯುತ್ತಿತ್ತು. ಅಚ್ಚಿನ ಅಕ್ಷರಕ್ಕೆ ಈ ಶಕ್ತಿಯಿಲ್ಲ.

ಬೆಳಗಾವಿ ದಂಡಿನ ಊರು. 1922ರಲ್ಲಿ ಮರಾಠಾ ಲಘು ಪದಾತಿದಳದ ತರಬೇತಿ ಇಲ್ಲಿ ನೆಲೆಗೊಂಡಿತು. ಈಗಲೂ ಇಲ್ಲಿಯೇ ಇದೆ. ಸಿಪಾಯಿಯ ಮನೆಯವರಂತೆ ಟಪಾಲಿನ ಹಾದಿ ಕಾಯುವವರು ಬೇರೆಯಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಹಿಂದೀ ಸಿಪಾಯಿಗಳು ಊರಿಗೆ ಬರೆದ ಪತ್ರಗಳನ್ನು ಒಡೆದು ಪರೀಕ್ಷಿಸಲು ಸರಕಾರ 1914ರಲ್ಲಿ ಒಂದು ಕಚೇರಿಯನ್ನೇ ಇಟ್ಟಿತು. ಅಲ್ಲಿ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿಗೆ ಸೇರಿಸುತ್ತಿದ್ದರು. ಆ ವರದಿಗಳು ಲಂಡನ್ನಿನಲ್ಲಿ ಭದ್ರವಾಗಿವೆ. ಮೂಲ ಪತ್ರಗಳು ಬಹುಮಟ್ಟಿಗೆ ಉಳಿದಿಲ್ಲ. ಇತಿಹಾಸಕಾರರಿಗೆ ಅವು ದೊಡ್ಡ ನಿಧಿ, ಅಲ್ಲವೆನ್ನಲಾರೆ. ಆದರೆ ಸಿಪಾಯಿ ಏನು ಬರೆದನೆಂಬುದು ತಿಳಿದೂ ಹೇಗೆ ಬರೆದನೆಂಬುದು ತಿಳಿಯದಿದ್ದರೆ ಒಂದು ಕೊರತೆ ಉಳಿದೇ ಉಳಿಯುತ್ತದೆ. ಎಷ್ಟೋ ಜನ ಸಿಪಾಯಿಗಳಿಗೆ ಬರೆಯಲು ಬರುತ್ತಿರಲಿಲ್ಲ. ಅಕ್ಷರ ಬಲ್ಲ ಜೊತೆಗಾರನು ಬರೆದುಕೊಡುತ್ತಿದ್ದ. ಒಬ್ಬನ ಮಾತು, ಇನ್ನೊಬ್ಬನ ಕೈ, ಮೂರನೆಯವನ ಭಾಷಾಂತರ!

ಕಿತ್ತೂರಿನ ಮಾತು ಇಲ್ಲಿ ಬರಬೇಕು. ದೇಸಾಯಿ ಶಿವಲಿಂಗರುದ್ರ ಸರ್ಜನಿಗೆ ಮಕ್ಕಳಿರಲಿಲ್ಲ. ಮಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ಅವನ ಪತ್ರ ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿದುದು 1824ರ ಸೆಪ್ಟೆಂಬರಿನಲ್ಲಿ, ದೇಸಾಯಿ ತೀರಿಕೊಂಡ ಹೊತ್ತಿಗೆ. ಪತ್ರದ ಮೇಲಿನ ತಾರೀಖು ಜುಲೈ ತಿಂಗಳದು. ಸಹಿ ದೇಸಾಯಿಯದೇ ಹೌದೋ ಅಲ್ಲವೋ ಎಂದು ಥ್ಯಾಕರೆ ಸಂಶಯಪಟ್ಟನು; ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಮುಂಬಯಿ ಸರಕಾರಕ್ಕೆ ಬರೆದುಕೊಂಡ ಪತ್ರಗಳೂ ಫಲಿಸಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಹತನಾದನು. ಮುಂದಿನದು ಎಲ್ಲರಿಗೂ ಗೊತ್ತಿದೆ: ರಾಣಿಯ ಸೆರೆ, 1829ರಲ್ಲಿ ಬೈಲಹೊಂಗಲದಲ್ಲಿ ಅವಳ ಮರಣ, 1831ರ ಜನವರಿಯಲ್ಲಿ ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಗಲ್ಲು. ಇದಕ್ಕೆಲ್ಲ ಸಹಿಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಸಂಸ್ಥಾನವನ್ನು ನುಂಗಲು ಮನಸ್ಸು ಮಾಡಿದವರಿಗೆ ಯಾವ ನೆಪವಾದರೂ ಸಾಕು. ಆದರೆ ಸಾಯುತ್ತಿರುವ ಮನುಷ್ಯನ ಕೈ ಆರೋಗ್ಯದ ದಿನಗಳಂತೆಯೇ ಓಡೀತೆ? ಅದು ಬೇರೆಯಾಗಿ ಕಂಡರೆ ಅದೇ ಅದರ ಸಾಚಾತನವಿರಲಾರದೆ? ಈ ಪ್ರಶ್ನೆಯನ್ನು ಸಾಹೇಬರು ಕೇಳಿಕೊಳ್ಳಲಿಲ್ಲ.

ನಾನು ಕೂಡ, ಖಾನಾಪುರದ ಪತ್ರ ಕೈಯಲ್ಲಿ ಹಿಡಿದು, ಥ್ಯಾಕರೆಯಂತೆಯೇ ಕುಳಿತಿದ್ದೆ. ನಾಚಿಕೆಯೆನಿಸಿತು.

ಅಕ್ಷರ ಚೆನ್ನಾಗಿಲ್ಲವೆಂದು ಪತ್ರ ಬರೆಯಲು ಹಿಂಜರಿಯುವವರಿದ್ದಾರೆ. ಅವರು ಗಾಂಧೀಜಿಯವರನ್ನು ನೆನೆಯಬೇಕು. ತಮ್ಮ ಅಕ್ಷರ ಕೆಟ್ಟದ್ದೆಂದು ಆತ್ಮಕಥೆಯಲ್ಲಿ ಅವರು ಮನಸಾರೆ ಮರುಗಿದ್ದಾರೆ. ಆದರೂ ಜೀವಮಾನವೆಲ್ಲ ಬರೆದರು; ಬಲಗೈ ಸೋತಾಗ ಎಡಗೈಯಿಂದ ಬರೆದರು. 1924ರ ಡಿಸೆಂಬರಿನಲ್ಲಿ ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಇದೇ ಬೆಳಗಾವಿಯಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ದುಡಿಮೆಯಿಂದ ನೆರವೇರಿದ ಅಧಿವೇಶನದಲ್ಲಿ. ಅವರ ಅಂದಗೆಟ್ಟ ಅಕ್ಷರದ ಒಂದು ಕಾರ್ಡು ಸಿಕ್ಕಿದ್ದರೆ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗದವರು ಯಾರು?

ಕಾಣದ ದೇಶದ ಕಾಣದ ವ್ಯಕ್ತಿಗೆ ಬರೆಯುವ ಪತ್ರಮಿತ್ರರ ಹವ್ಯಾಸಕ್ಕೆ ಅಡಿಪಾಯ ಬಿದ್ದುದು 1874ರಲ್ಲಿ, ಬರ್ನ್ ನಗರದಲ್ಲಿ ದೇಶದೇಶಗಳ ಟಪಾಲು ಖಾತೆಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡಾಗ. ಹಿಂದೂಸ್ಥಾನ 1876ರಲ್ಲಿ ಅದನ್ನು ಸೇರಿತು. ಎರಡನೆಯ ಮಹಾಯುದ್ಧದ ಬಳಿಕ, 1952ರಲ್ಲಿ, ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ಒಂದು ಸಂಸ್ಥೆ ಹುಟ್ಟಿ ಹಲವಾರು ದೇಶಗಳ ಶಾಲಾ ಮಕ್ಕಳಿಗೆ ಪತ್ರಮಿತ್ರರನ್ನು ಒದಗಿಸುತ್ತಿದ್ದಿತು. 2008ರಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ರೇಡಿಯೋ ಸಿಲೋನಿಗೆ, 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಗೆ ಕಾರ್ಡು ಬರೆದು, ತಮ್ಮ ಹೆಸರನ್ನು ರೇಡಿಯೋದಲ್ಲಿ ಕೇಳಿ ಹಿಗ್ಗಿದವರು ಎಷ್ಟೋ ಜನ. 2005ರಿಂದ ಪೋರ್ಚುಗಲ್ಲಿನ ತರುಣನೊಬ್ಬ ಆರಂಭಿಸಿದ ಏರ್ಪಾಡಿನಲ್ಲಿ ಅಪರಿಚಿತರು ಕಾರ್ಡು ಕಳಿಸಿಕೊಳ್ಳುತ್ತಿದ್ದಾರೆ. ವಿಳಾಸ ಸಿಕ್ಕುವುದು ಗಣಕಯಂತ್ರದಿಂದ. ಬರೆಯುವುದು ಮಾತ್ರ ಕೈಯಿಂದ. ಆ ಯಂತ್ರದಲ್ಲಿಯೇ ಬರೆದು ಮುಗಿಸಬಹುದಾಗಿದ್ದಿತು, ಆದರೂ ಮುಗಿಸುವುದಿಲ್ಲ.

ಇನ್ನೊಂದು ಕಡೆ, 1624ರಲ್ಲಿ ಆರಂಭವಾದ ಡೆನ್ಮಾರ್ಕಿನ ಅಂಚೆ 2025ರ ಡಿಸೆಂಬರ್ 30ಕ್ಕೆ ಪತ್ರ ಹಂಚುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ತಂತಿ 2013ರಲ್ಲಿ ನಿಂತಿತು; ರಿಜಿಸ್ಟರ್ಡ್ ಟಪಾಲನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದರು. ಕಾರ್ಡು ಇನ್ನೂ ಉಳಿದಿದೆ. ಕೇಳಿದರೆ ಹುಡುಕಿ ಕೊಡುತ್ತಾರೆ.

ನನ್ನ ಪೆಟ್ಟಿಗೆಯಲ್ಲಿರುವ ಪತ್ರಗಳ ವಿಳಾಸಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಇತಿಹಾಸವೇ ಆಗುತ್ತದೆ. ಅಜ್ಜನ ಕಾಲದ ಕಾರ್ಡುಗಳ ಮೇಲೆ ‘ಬೆಳಗಾಂವ, ಮುಂಬಯಿ ಇಲಾಖೆ’. 1956ರ ಬಳಿಕ ‘ಮೈಸೂರು ರಾಜ್ಯ’. ಖಾನಾಪುರದ ಗೆಳೆಯರ ಮೊದಲ ನಾಲ್ಕಾರು ಪತ್ರಗಳ ಮೇಲೆಯೂ ಮೈಸೂರು ರಾಜ್ಯವೇ. 1973ರ ನವೆಂಬರಿನಿಂದ ‘ಕರ್ನಾಟಕ’. 2014ರ ನವೆಂಬರಿನಿಂದ ಊರಿನ ಹೆಸರು ಸರಕಾರದ ದಫ್ತರದಲ್ಲಿಯೂ ಬೆಳಗಾವಿ. ಮನೆಯೊಂದೇ, ಓಣಿಯೊಂದೇ, ಮೇಲಿನ ರಾಜ್ಯ ಬದಲಾದಂತೆ ಕೆಳಗಿನ ಸಾಲು ಬದಲಾಗಿದೆ. ಗಡಿಯ ತಂಟೆಯಿಂದ ಬಸ್ಸುಗಳು ನಿಂತ ದಿನಗಳಲ್ಲಿಯೂ ಅವರು ಕನ್ನಡದಲ್ಲಿ, ನಾನು ಮರಾಠಿಯಲ್ಲಿ ಬರೆಯುತ್ತಲೇ ಇದ್ದೆವು. ಅವರು ‘ಶ್ರೀ’ ಎಂದು ಆರಂಭಿಸಿ ‘ಉಭಯ ಕುಶಲೋಪರಿ’ ಎನ್ನುವರು, ನಾನು ‘ಸಾ. ನ. ವಿ. ವಿ.’ ಎಂದು ಆರಂಭಿಸಿ ‘ಲೋಭ ಅಸಾವಾ’ ಎಂದು ಮುಗಿಸುವೆನು. ನಡುವೆ ಇರುತ್ತಿದ್ದುದು ಮಲಪ್ರಭೆಗೆ ಬಂದ ನೀರು, ಕಾಡಿನ ಅಂಚಿನ ಹೊಲಕ್ಕೆ ನುಗ್ಗಿದ ಆನೆ, ಮಕ್ಕಳ ಪರೀಕ್ಷೆ, ಮೊಣಕಾಲಿನ ನೋವು. ಗಡಿಯ ವಿಷಯ ಇಬ್ಬರೂ ಎತ್ತಲಿಲ್ಲ. ಎತ್ತಬಾರದೆಂದು ಮಾತಾಡಿಕೊಂಡಿರಲೂ ಇಲ್ಲ.

ಮೊಮ್ಮಗ ಬರೆದ ಪತ್ರದಲ್ಲಿ ‘ಮೇಲೆ’ಗೆ ದೀರ್ಘವಿದ್ದಿತು, ‘ಓದು’ವಿಗೂ ಇದ್ದಿತು. ನನ್ನ ಅಸಮಾಧಾನಕ್ಕೆ ಕಾರಣವಾದುದು ಆ ಶುದ್ಧ ಕನ್ನಡವೆಂದು ನಾಲ್ಕಾರು ದಿನಗಳ ಮೇಲೆ ಹೊಳೆಯಿತು. ಇದನ್ನೇ ಅವರಿಗೆ ಬರೆದೆ. ಹುಡುಗನ ಅಕ್ಷರ ಬಹಳ ಚೆನ್ನಾಗಿದೆ, ಅವನಿಗೆ ನನ್ನ ಆಶೀರ್ವಾದ ತಿಳಿಸಿರಿ, ಆದರೆ ಕೊನೆಯ ಒಂದು ಸಾಲನ್ನಾದರೂ ನೀವೇ ಬರೆಯಿರಿ, ಎಷ್ಟು ಹೊತ್ತಾದರೂ ಚಿಂತೆಯಿಲ್ಲ ಎಂದೆ.

ಶ್ರಾವಣ ಕಳೆದು, ಗಣೇಶ ಚೌತಿಯೂ ಮುಗಿದ ಮೇಲೆ ಉತ್ತರ ಬಂದಿತು. ಎರಡು ಪುಟ ಮೊಮ್ಮಗನದೇ ದುಂಡಕ್ಷರ. ಕೊನೆಯಲ್ಲಿ, ಶಾಯಿ ಅಲ್ಲಲ್ಲಿ ಹರಡಿ, ಮೇಲೆ ಕೆಳಗೆ ಓಲಾಡುತ್ತ ಒಂದೇ ಸಾಲು: ‘ಮೆಲಿನದೆಲ್ಲ ನನ್ನದೆ.’ ಎರಡು ಕಡೆಯೂ ದೀರ್ಘ ಬಿಟ್ಟಿದ್ದರು.