ಬಾಗಿಲು ತೆರೆಯುವ ದಿನ

ಸ್ಕಾಟ್ಲೆಂಡಿನಲ್ಲಿ ಮಾರ್ಚ್ 15 ಗಾಳಗಾರರಿಗೆ ಹಬ್ಬದಂಥ ದಿನ. ಅಕ್ಟೋಬರ್ 7ರಿಂದ ಮಾರ್ಚ್ 14ರವರೆಗೆ ಅಲ್ಲಿ ಕಂದು ಟ್ರೌಟ್ ಮೀನನ್ನು ಹಿಡಿಯುವಂತಿಲ್ಲ, ಹಿಡಿದರೆ ಅಪರಾಧ. ಐದು ತಿಂಗಳು ಮೂಲೆ ಸೇರಿದ್ದ ಗಾಳದ ಕೋಲುಗಳು ಅಂದು ಹೊರಗೆ ಬರುತ್ತವೆ. ಮಾರ್ಚ್ ಎಂದರೆ ಅಲ್ಲಿ ಬೇಸಿಗೆಯೇನಲ್ಲ. ಬೆಟ್ಟಗಳ ನೆತ್ತಿಯ ಮೇಲೆ ಹಿಮ ಇನ್ನೂ ಕರಗಿರುವುದಿಲ್ಲ. ಹೊಳೆಗೆ ಕೈಯಿಟ್ಟರೆ ಬೆರಳು ಮರಗಟ್ಟುತ್ತದೆ. ಮೀನು ಸಿಕ್ಕೀತೆಂಬ ಭರವಸೆಯೂ ಅಷ್ಟಕ್ಕಷ್ಟೆ. ಆದರೂ ಜನ ಹೋಗುತ್ತಾರೆ. ಗರಿ, ನೂಲು ಸುತ್ತಿ ಮಾಡಿದ ಸುಳ್ಳು ನೊಣವೊಂದನ್ನು ಕೊಕ್ಕೆಗೆ ಕಟ್ಟಿ ಹೊಳೆಯ ಮೇಲೆ ಬೀಸುತ್ತಾರೆ.

ಈ ತಾರೀಖನ್ನು ಬರೆದಿಟ್ಟದ್ದು ಸರ್ಕಾರವಾದರೂ, ಅದನ್ನು ಗೊತ್ತುಮಾಡಿದ್ದು ಮೀನೇ. ಕಂದು ಟ್ರೌಟ್ ತತ್ತಿಯಿಡುವುದು ಶರತ್ಕಾಲ ಕಳೆದು ಚಳಿ ಬೀಳುವಾಗ. ಹಗಲು ಗಿಡ್ಡವಾಗುತ್ತಾ ಬಂದಂತೆ ಅದರ ಮೈಯೊಳಗೆ ಸೂಚನೆ ಹುಟ್ಟುತ್ತದೆ. ಹೆಣ್ಣುಮೀನು ಹೊಳೆಯ ಮೇಲ್ಭಾಗದ ತಿಳಿನೀರಿಗೆ ಹೋಗಿ, ಬಾಲದಿಂದ ಸಣ್ಣ ಕಲ್ಲುಗಳನ್ನು ಕೆದರಿ ಗುಂಡಿ ಮಾಡಿ, ತತ್ತಿಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ಕಲ್ಲಿನ ಸಂದಿಯಲ್ಲಿ ತಣ್ಣೀರು ಹರಿಯುತ್ತಿರಬೇಕು. ಚಳಿಗಾಲವೆಲ್ಲ ತತ್ತಿ ಅಲ್ಲೇ ಬೆಳೆಯಬೇಕು. ಆ ಹೊತ್ತಿನಲ್ಲಿ ತಾಯಿಮೀನು ಸೊರಗಿ ಹೋಗಿರುತ್ತದೆ. ಬಾಣಂತಿಯನ್ನು ಬೇಟೆಯಾಡಬಾರದು ಎನ್ನುವುದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಆದರೂ ಅದು ಸ್ಕಾಟ್ಲೆಂಡಿನ ಕಾನೂನಾಗಿ ಬರಲು 1902ನೆಯ ಇಸವಿಯಾಗಬೇಕಾಯಿತು. 1933ರಲ್ಲಿ ಅದನ್ನು ಮತ್ತೆ ತಿದ್ದಿದರು.

ಈ ಮೀನಿನ ಪಂಚಾಂಗ ಒಂದು ದೇಶಕ್ಕೆ ನಿಂತಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ಇಂಗ್ಲಿಷರು ಹೋದಲ್ಲೆಲ್ಲ ತಮ್ಮ ಗುಲಾಬಿ, ಗುಬ್ಬಿ, ಮೊಲಗಳನ್ನು ಒಯ್ದಂತೆ ಈ ಮೀನನ್ನೂ ಒಯ್ದರು. ಅದರಲ್ಲೂ ಟಾಸ್ಮೇನಿಯಾಕ್ಕೆ ಒಯ್ದ ಕತೆ ಒಂದು ಸಾಹಸವೇ ಸರಿ. ಅವರಿಗೆ ಬೇಕಾಗಿದ್ದುದು ನಿಜವಾಗಿ ಟ್ರೌಟ್ ಅಲ್ಲ, ಸಾಲ್ಮನ್. 1852, 1860, 1862ರಲ್ಲಿ ಮೂರು ಸಲ ತತ್ತಿಗಳನ್ನು ಹಡಗಿನಲ್ಲಿ ಕಳಿಸಿದರು. ಮೂರು ಸಲವೂ ಸಮಭಾಜಕದ ಸೆಕೆಗೆ ತತ್ತಿಗಳೆಲ್ಲ ಸತ್ತವು. ಆಗ ಜೇಮ್ಸ್ ಯೂಲ್ ಎಂಬ ಹಟವಾದಿ ಲಂಡನ್ನಿನ ಮಂಜುಗಡ್ಡೆಯ ಉಗ್ರಾಣದಲ್ಲಿ ಪರೀಕ್ಷೆ ನಡೆಸಿದ. ತತ್ತಿಗಳನ್ನು ಹಸಿ ಹಾವಸೆಯಲ್ಲಿ ಸುತ್ತಿ, ಮರದ ಪೆಟ್ಟಿಗೆಗಳಲ್ಲಿಟ್ಟು, ಮಂಜುಗಡ್ಡೆಯ ನಡುವೆ ಹುಗಿದರೆ ಅವು ಸಾಯುವುದೂ ಇಲ್ಲ, ಬೇಗ ಒಡೆಯುವುದೂ ಇಲ್ಲ ಎಂದು ಕಂಡುಕೊಂಡ.

1864ರ ಜನವರಿಯಲ್ಲಿ ‘ನಾರ್ಫೋಕ್’ ಎಂಬ ಹಡಗು ಇಂಗ್ಲೆಂಡ್ ಬಿಟ್ಟಿತು. ಅದರಲ್ಲಿ ಸುಮಾರು ಒಂದು ಲಕ್ಷ ಸಾಲ್ಮನ್ ತತ್ತಿಗಳು. ಜೊತೆಗೆ ಫ್ರಾಂಕ್ ಬಕ್‌ಲ್ಯಾಂಡ್ ಮತ್ತು ಫ್ರಾನ್ಸಿಸ್ ಫ್ರಾನ್ಸಿಸ್ ಎಂಬಿಬ್ಬರು ಕೊಟ್ಟ, ಮೂರು ಸಾವಿರದಷ್ಟು ಟ್ರೌಟ್ ತತ್ತಿಗಳು. ಏಪ್ರಿಲ್‌ನಲ್ಲಿ ಹಡಗು ಮೆಲ್ಬರ್ನ್ ಮುಟ್ಟಿತು. ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಸಾಗಿಸಿ, ಪ್ಲೆಂಟಿ ನದಿಯ ಬಳಿಯ ಕೊಳಗಳಲ್ಲಿ ತತ್ತಿಗಳನ್ನು ಇಳಿಸಿದರು. ಮೇ 4ರಂದು ಮೊದಲ ಟ್ರೌಟ್ ಮರಿ ಹೊರಬಂತು. ಒಟ್ಟು ಬದುಕಿದ್ದು ಸುಮಾರು ಮುನ್ನೂರು. ಸಾಲ್ಮನ್ ಮರಿಗಳೂ ಸಾವಿರಗಟ್ಟಲೆ ಹುಟ್ಟಿದವು. ಬೆಳೆದು ಸಮುದ್ರಕ್ಕೆ ಹೋದವು. ತಿರುಗಿ ಬರಲಿಲ್ಲ. ಕರೆಸಿಕೊಂಡ ನೆಂಟ ಕೈಕೊಟ್ಟ, ಅವನ ಜೊತೆಗೆ ಬಂದವನು ಮನೆಯ ಯಜಮಾನನಾದ ಹಾಗಾಯಿತು.

ಮಕ್ಕಳಿಗೆ ಋತುಗಳ ಪಾಠ ಮಾಡುವಾಗ ಪ್ರತಿವರ್ಷವೂ ಒಂದು ತೊಡಕು. ನಮಗೆ ಬೇಸಿಗೆಯಾದಾಗ ಆಸ್ಟ್ರೇಲಿಯದವರಿಗೆ ಚಳಿ ಎಂದರೆ ಅವರು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಅಂಥ ಹೊತ್ತಿಗೆ ನಾನು ಈ ಮೀನಿನ ಕತೆ ಹೇಳುತ್ತೇನೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಹಡಗು ಹತ್ತಿದ ತತ್ತಿ ಮಂಜುಗಡ್ಡೆಯ ನಡುವೆ ಮೂರು ತಿಂಗಳು ಕಾಲವನ್ನೇ ತಡೆದುಕೊಂಡಿತ್ತು. ಇಳಿದಾಗ ಅಲ್ಲಿ ಇನ್ನೊಂದು ಚಳಿಗಾಲ ಶುರುವಾಗುತ್ತಿತ್ತು. ಆ ಮರಿಗಳು ಬೆಳೆದು ತತ್ತಿಯಿಟ್ಟದ್ದು ಅಲ್ಲಿನ ಹಗಲು ಗಿಡ್ಡವಾದಾಗ, ನಮ್ಮ ಮುಂಗಾರಿನ ಹೊತ್ತಿಗೆ. ತಾತ ಮುತ್ತಾತಂದಿರು ಕಾರ್ತಿಕ, ಮಾರ್ಗಶಿರಗಳಲ್ಲಿ ತತ್ತಿಯಿಟ್ಟವರು. ಮೊಮ್ಮಕ್ಕಳು ಆಷಾಢಕ್ಕೆ ಹೊಂದಿಕೊಂಡರು. ಆದ್ದರಿಂದಲೇ ಟಾಸ್ಮೇನಿಯಾದಲ್ಲಿ ಈ ಮೀನಿನ ಹಂಗಾಮು ಆರಂಭವಾಗುವುದು ಆಗಸ್ಟ್ 1ರ ಆಸುಪಾಸಿನ ಶನಿವಾರ. ನ್ಯೂಜಿಲೆಂಡಿನ ಬಹುಪಾಲು ಹೊಳೆಗಳಲ್ಲಿ ಅಕ್ಟೋಬರ್ 1. ತಾರೀಖು ಬೇರೆ, ಕಾರಣ ಒಂದೇ.

ಇದೇ ಮೀನು ನಮ್ಮ ದೇಶಕ್ಕೂ ಬಂತು. 1899ರಲ್ಲಿ ಕಾಶ್ಮೀರಕ್ಕೆ ಕಳಿಸಿದ ತತ್ತಿಗಳು ದಾರಿಯಲ್ಲೇ ಹಾಳಾದವು. 1900ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನಿಂದ ಬಂದವು ಉಳಿದವು. ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಅವುಗಳನ್ನು ಸಾಕಲು ಮುಂದಾದ. ಮುಂದೆ ಕುಲು ಕಣಿವೆಗೂ ಈ ಮೀನು ಹೋಯಿತು. ಹಿಮಾಚಲದಲ್ಲಿ ಈಗ ನವೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಟ್ರೌಟ್ ಹಿಡಿಯುವುದಕ್ಕೆ ನಿಷೇಧ. ಮಾರ್ಚ್ ಮೊದಲಿಗೆ ಬಾಗಿಲು ತೆರೆಯುತ್ತದೆ.

ಇಲ್ಲಿಯವರೆಗೆ ಇದು ಸೊಗಸಾದ ಕತೆ. ಆದರೆ ಚರಿತ್ರೆಯನ್ನು ಸೊಗಸು ಇರುವಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಪಾಠ.

1867ರಲ್ಲಿ ಟಾಸ್ಮೇನಿಯಾದ ಟ್ರೌಟ್ ತತ್ತಿಗಳು ನ್ಯೂಜಿಲೆಂಡಿಗೆ ಹೋದವು. ಹೋದ ಮೀನಿನ ಹಿಂದೆಯೇ ಅದರ ಕಾನೂನೂ ಹೋಯಿತು: ಹಿಡಿಯಬಾರದ ತಿಂಗಳು, ಪರವಾನಗಿ, ಕಾವಲುಗಾರ. ಅದರಲ್ಲಿ ಒಂದು ಒಳ್ಳೆಯ ಮಾತೂ ಇತ್ತೆನ್ನಬೇಕು. ಬ್ರಿಟನ್ನಿನಲ್ಲಿ ಒಳ್ಳೆಯ ಹೊಳೆಗಳ ಮೀನು ಜಮೀನ್ದಾರರ ಸೊತ್ತು. ಈ ಹೊಸ ನಾಡಿನಲ್ಲಿ ಮೀನು ಹಿಡಿಯುವ ಹಕ್ಕನ್ನು ಯಾರೂ ಮಾರುವಂತಿಲ್ಲ ಎಂದು ಕಾನೂನು ಮಾಡಿದರು. ಪರವಾನಗಿ ಪಡೆದವನು ಯಾವ ಕೂಲಿಯವನಾದರೂ ಗಾಳ ಹಾಕಬಹುದಾಗಿತ್ತು. ಹಿಡಿದ ಟ್ರೌಟನ್ನು ಇಂದಿಗೂ ಅಲ್ಲಿ ಮಾರಾಟ ಮಾಡುವಂತಿಲ್ಲ.

ಆದರೆ ಆ ಹೊಳೆಗಳು ಖಾಲಿಯಿದ್ದವೆ? ಅಲ್ಲಿ ಮಾವೊರಿ ಜನರು ಉಪೊಕೊರೊರೊ ಎಂದು ಕರೆಯುತ್ತಿದ್ದ ಮೀನೊಂದಿತ್ತು. ವಲಸೆ ಬಂದವರು ಅದನ್ನು ಗ್ರೇಲಿಂಗ್ ಎಂದರು. ಮೊದಲು ಬಂದವರ ಕಾಲದಲ್ಲಿ ಅದು ಹಿಂಡುಹಿಂಡಾಗಿ ಸಿಗುತ್ತಿತ್ತು. ಕಾಡು ಕಡಿದರು, ಹೊಳೆಯ ನೆರಳು ಹೋಯಿತು. ಹೊಸ ಮೀನು ಬಂದು ಅದರ ಜಾಗವನ್ನೂ ಆಹಾರವನ್ನೂ ಹಿಡಿಯಿತು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. 1930ರ ದಶಕ ಕಳೆಯುವಷ್ಟರಲ್ಲಿ ಅದನ್ನು ಕಂಡವರೇ ಇಲ್ಲ. ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1951ರಲ್ಲಿ, ಅಂದರೆ ರಕ್ಷಿಸಲು ಒಂದು ಮೀನೂ ಉಳಿದಿಲ್ಲದಾಗ. ಹೊರಗಿನಿಂದ ಬಂದ ಮೀನಿಗೆ ಬಂದಕೂಡಲೇ ಬಾಣಂತನದ ರಜೆ. ಆ ನೆಲದ ಮೀನಿಗೆ ಸತ್ತ ಮೇಲೆ ಆಯುಷ್ಯ ಹೋಮ!

ಮನುಷ್ಯರ ಪಾಡೂ ಇದಕ್ಕಿಂತ ತೀರ ಬೇರೆಯಾಗಿರಲಿಲ್ಲ. ಟೌಪೊ ಸರೋವರದ ದಡದ ತೂಫಾರೆತೊವ ಬುಡಕಟ್ಟಿನವರಿಗೆ ಕೊವಾರೊ ಎಂಬ ಸಣ್ಣ ಮೀನೇ ಆಹಾರ. ಸರೋವರಕ್ಕೆ ಟ್ರೌಟ್ ಬಿಟ್ಟ ಮೇಲೆ ಕೊವಾರೊ ಕುಸಿಯಿತು. ಟ್ರೌಟನ್ನಾದರೂ ತಿನ್ನೋಣವೆಂದರೆ ತಮ್ಮದೇ ನೀರಿನಲ್ಲಿ ಹಿಡಿಯಲು ಪರವಾನಗಿ ಬೇಕು. 1926ರ ಒಪ್ಪಂದದಲ್ಲಿ ಸರೋವರದ ತಳ ಸರ್ಕಾರಕ್ಕೆ ಹೋಯಿತು. ಬುಡಕಟ್ಟಿಗೆ ವರ್ಷಾಶನ, ಪರವಾನಗಿ ಹಣದಲ್ಲಿ ಪಾಲು ಸಿಕ್ಕಿತು. ತಳದ ಒಡೆತನ ಅವರಿಗೆ ಮರಳಿದ್ದು 1992ರಲ್ಲಿ.

ಇದರಲ್ಲಿ ಟ್ರೌಟಿನ ತಪ್ಪೇನೂ ಇಲ್ಲ. ಅದನ್ನು ಯಾರೂ ಕೇಳಿ ಹಡಗು ಹತ್ತಿಸಲಿಲ್ಲ. ಹಗಲು ಗಿಡ್ಡವಾದಾಗ ತತ್ತಿಯಿಡುವ ತನ್ನ ಧರ್ಮವನ್ನು ಅದು ಎಲ್ಲಿ ಹೋದರೂ ಬಿಡಲಿಲ್ಲ. ಅದರ ಕಾಲವನ್ನು ಗಮನಿಸಿ, ಗೌರವಿಸಿ ಹೊಳೆಗೆ ಬೀಗ ಹಾಕಿದ ಜನರೂ ವಿವೇಕಿಗಳೇ. ಬೇರೆ ಮೀನಿಗೂ ಹೀಗೇ ಒಂದು ಕಾಲವಿರುತ್ತದೆ ಎಂದು ಅಷ್ಟು ವರ್ಷ ಅವರಿಗೆ ತೋಚಲಿಲ್ಲ. ತಮಗೆ ಪ್ರಿಯವಾದುದರ ಪಂಚಾಂಗವನ್ನಷ್ಟೇ ಓದಿದರು.

ಈಗ ಓದುವುದು ಸ್ವಲ್ಪ ಬದಲಾಗಿದೆ. ಕೊವಾರೊ ಮತ್ತು ಅದರ ಬಂಧುಗಳ ಪುಟ್ಟ ಮರಿಗಳು ಸಮುದ್ರದಿಂದ ಹೊಳೆಗೆ ಏರಿ ಬರುವಾಗ ನ್ಯೂಜಿಲೆಂಡಿನವರು ಬಲೆಯೊಡ್ಡಿ ಹಿಡಿದು, ಮೊಟ್ಟೆಯ ಜೊತೆ ಹುರಿದು ತಿನ್ನುವುದುಂಟು. 2022ರಿಂದ ಆ ಹಂಗಾಮನ್ನು ಇಡೀ ದೇಶಕ್ಕೆ ಒಂದೇ ಮಾಡಿ, ಸೆಪ್ಟೆಂಬರ್ 1ರಿಂದ ಅಕ್ಟೋಬರ್ 30ಕ್ಕೆ ಸೀಮಿತಗೊಳಿಸಿದ್ದಾರೆ. ಅಕ್ಟೋಬರಿನಲ್ಲಿ ಟ್ರೌಟಿಗೆ ಬಾಗಿಲು ತೆರೆಯುತ್ತದೆ. ಅದೇ ತಿಂಗಳು ಮುಗಿಯುವಾಗ ಊರಿನ ಮೀನಿಗಾಗಿ ಬಾಗಿಲು ಮುಚ್ಚುತ್ತದೆ. ಉಪೊಕೊರೊರೊ ಮೀನಿಗೆ ಇದು ದಕ್ಕಲಿಲ್ಲ. ಉಳಿದವಕ್ಕಾದರೂ ದಕ್ಕಲಿ.