ಮಾತಿನ ಧಾಟಿ, ಮುಖಚಹರೆ ಮತ್ತು ನೌಕರಿ: ಅಧ್ಯಯನಗಳ ಒಂದು ಸಮೀಕ್ಷೆ

ನೌಕರಿಗೆ ಆರಿಸುವಾಗ ಯೋಗ್ಯತೆಯ ಜೊತೆಗೆ ಅಭ್ಯರ್ಥಿಯ ಮಾತಿನ ಧಾಟಿ, ಹೆಸರು, ಚಹರೆಗಳೂ ತೂಕಕ್ಕೆ ಬರುತ್ತವೆ ಎಂಬುದು ಹಳೆಯ ಅನುಭವ. ಅದನ್ನು ಅಳೆದು ನೋಡುವ ವಿಧಾನ ಮಾತ್ರ ಈಚಿನದು. 1960ರಲ್ಲಿ ಮಾಂಟ್ರಿಯಲ್‌ನ ವಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ದ್ವಿಭಾಷಿಕರಿಂದ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಓದಿಸಿ, ದನಿಗಳು ಒಬ್ಬರವೇ ಎಂದು ತಿಳಿಸದೆ ಕೇಳುಗರಿಂದ ಅಂಕ ಹಾಕಿಸಿದರು. ಇಂಗ್ಲಿಷ್ ದನಿಗೆ ಹೆಚ್ಚು ಅಂಕ ಬಿತ್ತು; ಫ್ರೆಂಚ್ ಮನೆಮಾತಿನವರೂ ಹಾಗೆಯೇ ಹಾಕಿದರು. 1978ರಲ್ಲಿ ಕೆನಡಾದಲ್ಲೇ ಕಾಲಿನ್ ಮತ್ತು ರೇಕೊ ಇದನ್ನು ನೇಮಕಾತಿಗೆ ತಂದರು. ಪರದೇಶಿ ಉಚ್ಚಾರದವರಿಗೆ ದೊಡ್ಡ ಹುದ್ದೆಗೆ ಕಡಿಮೆ ಅಂಕ, ಸಣ್ಣ ಕೆಲಸಕ್ಕೆ ಹೆಚ್ಚು ಅಂಕ ಬಂದವು. 1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಒಂದೇ ಧ್ವನಿಮುದ್ರಿತ ಪಾಠದ ಜೊತೆ ಒಮ್ಮೆ ಬಿಳಿಯ ಹೆಂಗಸಿನ, ಒಮ್ಮೆ ಚೀನೀ ಹೆಂಗಸಿನ ಚಿತ್ರ ಇಟ್ಟರು. ಚೀನೀ ಮುಖ ಕಂಡವರಿಗೆ ಇಲ್ಲದ ಉಚ್ಚಾರ ಕೇಳಿಸಿತು, ಪಾಠವೂ ಕಡಿಮೆ ತಿಳಿಯಿತು. ಬೋಸ್ಟನ್, ಶಿಕಾಗೊಗಳಲ್ಲಿ ಸುಮಾರು 5,000 ಅರ್ಜಿ ಕಳಿಸಿ, ಬಿಳಿಯರ ಹೆಸರಿಗೆ ಶೇ. 50ರಷ್ಟು ಹೆಚ್ಚು ಕರೆ ಬರುವುದನ್ನು ತೋರಿಸಿದ ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಲೇಖನ 2004ರದು. ಅಲ್ಲಿಂದಾಚೆಗೆ ಹೆಸರು ಬದಲಿಸಿ ಅರ್ಜಿ ಹಾಕುವುದೇ ಫ್ಯಾಶನ್ ಆಗಿ, ದನಿಯ ವಿಚಾರ ಹಿಂದೆ ಬಿತ್ತು.

ಭಾರತದಲ್ಲಿ 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇದೇ ಹಾದಿ ಹಿಡಿದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅದೇ ವರ್ಷ ಬೆಂಗಳೂರಿನ ಐಟಿ ನೇಮಕಾತಿಯನ್ನು ಕುರಿತು ಬರೆದ ಕ್ಯಾರಲ್ ಉಪಾಧ್ಯ, ‘ಪ್ರತಿಭೆ’ ಎಂಬ ಅಳತೆಗೋಲಿನೊಳಗೆ ನಗರದ ಮನೆತನ ಮತ್ತು ಇಂಗ್ಲಿಷ್ ಶಾಲೆ ಅಡಗಿರುವುದನ್ನು ತೋರಿಸಿದರು. ಕಾಲ್ ಸೆಂಟರ್‌ಗಳಲ್ಲಂತೂ ಮಾತೃಭಾಷೆಯ ಛಾಯೆಗೆ ‘ಎಂಟಿಐ’ ಎಂಬ ಹೆಸರೇ ಇದೆ. ಅದು ರೋಗದ ಹೆಸರಿನಂತೆ ಬಳಕೆಯಾಗುತ್ತದೆ.

ಕನ್ನಡದೊಳಗಿನ ಭೇದವನ್ನು ಅಳೆಯಲು ಬೇಕಾದ ನೆಲಗಟ್ಟು ಲ್ಯಾಂಬರ್ಟ್ ಪ್ರಯೋಗದ ವರ್ಷದಲ್ಲೇ ಬಿದ್ದಿತ್ತು. 1960ರಲ್ಲಿ ವಿಲಿಯಂ ಮೆಕಾರ್ಮ್ಯಾಕ್ ಧಾರವಾಡ ಕನ್ನಡದ ಸಾಮಾಜಿಕ ಪ್ರಭೇದಗಳನ್ನು ಗುರುತಿಸಿದರು; ವಿಲಿಯಂ ಬ್ರೈಟ್ ಕನ್ನಡದ ಜಾತಿ ಉಪಭಾಷೆಗಳ ಬಗ್ಗೆ ಬರೆದರು. ಆ ದಶಕದ ಕೊನೆಗೆ ಪುಣೆಯ ಡೆಕ್ಕನ್ ಕಾಲೇಜಿನಿಂದ ಹಾಲಕ್ಕಿ, ನಂಜನಗೂಡು, ಗುಲ್ಬರ್ಗ ಕನ್ನಡಗಳ ವರ್ಣನೆಗಳು ಹೊರಬಂದವು. ಅಷ್ಟು ತಾಳ್ಮೆಯ ಕ್ಷೇತ್ರಕಾರ್ಯ ಆಮೇಲೆ ಅಪರೂಪವೇ. ಆದರೆ ಆ ಪಂಡಿತರು ಆಡುವವರ ಮಾತನ್ನು ಬರೆದುಕೊಂಡರೇ ಹೊರತು, ಕೇಳಿಸಿಕೊಂಡವರು ಏನು ತೀರ್ಮಾನಿಸಿದರೆಂದು ವಿಚಾರಿಸಲಿಲ್ಲ.

ಈ ಕೊರತೆಯ ಬಿಸಿ ತಟ್ಟುವುದು ಕೊಪ್ಪಳ ಜಿಲ್ಲೆಯ ಬೇವೂರಿನಂಥ ಊರುಗಳಿಗೆ. ನಿಜಾಮರ ಆಡಳಿತದಲ್ಲಿ ಇಲ್ಲಿಯ ಕಚೇರಿ ನೌಕರಿಗೆ ಉರ್ದು ಬೇಕಿತ್ತು. 1956ರ ಏಕೀಕರಣದ ನಂತರ ಕನ್ನಡ ಸಾಕೆಂಬ ನಂಬಿಕೆ ಹುಟ್ಟಿತು. ಯಾವ ಕನ್ನಡ ಎಂಬ ಪ್ರಶ್ನೆ ಹಾಗೇ ಉಳಿಯಿತು. ಮನೆ ‘ಮನಿ’ ಆಗುವ, ಮಾಡುತ್ತಿದ್ದೇನೆ ‘ಮಾಡಾಕತ್ತೀನಿ’ ಆಗುವ, ಮಾತಿಗೊಂದು ‘ರೀ’ ಹಚ್ಚುವ ಯಲಬುರ್ಗಾ, ಕುಷ್ಟಗಿ ಸೀಮೆಯ ನುಡಿಯನ್ನು ಸಿನಿಮಾ, ಧಾರಾವಾಹಿಗಳು ಬಹುಕಾಲ ನಗಿಸುವ ಪಾತ್ರಗಳಿಗೇ ಬಿಟ್ಟುಕೊಟ್ಟವು. ಅವನ್ನೇ ನೋಡಿ ಬೆಳೆದವರು ಸುದ್ದಿವಾಹಿನಿ, ಕಸ್ಟಮರ್ ಕೇರ್, ಖಾಸಗಿ ಶಾಲೆಗಳ ಸಂದರ್ಶನದಲ್ಲಿ ‘ಭಾಷೆ ಶುದ್ಧವಿಲ್ಲ’ ಎಂದರೆ ಅಚ್ಚರಿಯಿಲ್ಲ. ನಂಜುಂಡಪ್ಪ ಸಮಿತಿಯ 2002ರ ವರದಿ ಯಲಬುರ್ಗಾ, ಕುಷ್ಟಗಿಗಳನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಸೇರಿಸಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗದವರಿಗೆ ಸರ್ಕಾರಿ ಹುದ್ದೆಯಲ್ಲಿ ಮೀಸಲಾತಿ ಕೊಟ್ಟಿತು. ಎರಡೂ ದೊಡ್ಡ ಹೆಜ್ಜೆಗಳೇ. ಖಾಸಗಿ ಸಂದರ್ಶನದ ಕೋಣೆಯೊಳಗೆ ಮಾತ್ರ ಎರಡೂ ಹೋಗುವುದಿಲ್ಲ.

ಜನಾಂಗದ ಮಾತಿಗೆ ಬಂದರೆ ಕರ್ನಾಟಕದ ಸ್ಪಷ್ಟ ಉದಾಹರಣೆ ಉತ್ತರ ಕನ್ನಡದ ಸಿದ್ದಿಗಳದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕನ್ ಮೂಲದವರೆಂಬ ಕಾರಣಕ್ಕೇ ಸಿದ್ದಿ ಮಕ್ಕಳನ್ನು ಓಟದ ತರಬೇತಿಗೆ ಆರಿಸಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ದೇಹ ನೋಡಿ ಕರೆಯುವುದೂ ಪಕ್ಷಪಾತದ ಇನ್ನೊಂದು ಮುಖ. ಬೆಂಗಳೂರಿನ ಹೋಟೆಲು, ಬ್ಯೂಟಿ ಪಾರ್ಲರ್‌ಗಳು ಈಶಾನ್ಯದ ಯುವಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಬಗೆಯಲ್ಲೂ ಇದೇ ಲೆಕ್ಕಾಚಾರ ಕಾಣುತ್ತದೆ.

ಈಗ ಮೊದಲ ಸುತ್ತಿನ ಸಂದರ್ಶನ ಹಲವೆಡೆ ಯಂತ್ರದ ಪಾಲಾಗಿದೆ. ಐದು ದೊಡ್ಡ ಕಂಪನಿಗಳ ದನಿಗುರುತು ತಂತ್ರಾಂಶಗಳನ್ನು ಪರೀಕ್ಷಿಸಿದ 2020ರ ಅಮೆರಿಕನ್ ಅಧ್ಯಯನದಲ್ಲಿ ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪಿದರೆ ಕರಿಯರ ಮಾತಿನಲ್ಲಿ 35 ತಪ್ಪಿದವು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲಾವಾರು ದನಿ ಸಂಗ್ರಹಿಸುತ್ತಿರುವುದು ಭರವಸೆಯ ಕೆಲಸ.

ಕಾನೂನಿನ ಬೆಂಬಲ ತೆಳುವಾಗಿದೆ. ಸಂವಿಧಾನದ 16(2)ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಸ್ಥಳಗಳನ್ನು ಹೆಸರಿಸುತ್ತದೆ, ಭಾಷೆಯನ್ನು ಹೆಸರಿಸುವುದಿಲ್ಲ. ಅದು ಅನ್ವಯಿಸುವುದೂ ಸರ್ಕಾರಿ ನೌಕರಿಗಷ್ಟೆ. ಜುಲೈ 2024ರಲ್ಲಿ ರಾಜ್ಯ ಸಂಪುಟ ಒಪ್ಪಿ, ಬೆನ್ನಲ್ಲೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆ ಕನ್ನಡ ಬಲ್ಲವರನ್ನು ಬಾರದವರಿಂದ ಬೇರ್ಪಡಿಸಿತು. ಕನ್ನಡಿಗರ ನಡುವಿನ ತಾರತಮ್ಯ ಅದರ ಗಮನಕ್ಕೆ ಬರಲಿಲ್ಲ. ಇಲ್ಲಿ ಹೆಸರಿಸಿದ ಭಾರತೀಯ ಅಧ್ಯಯನಗಳಲ್ಲೂ ಒಂದೇ ಅರ್ಹತೆಯ ಮೈಸೂರು ದನಿ ಮತ್ತು ಕೊಪ್ಪಳ ದನಿಯನ್ನು ಒಬ್ಬನೇ ಅಧಿಕಾರಿಗೆ ಕೇಳಿಸಿ ನೋಡಿದ್ದು ಒಂದೂ ಇಲ್ಲ. ಅದಕ್ಕೆ ಬೇಕಾಗುವುದು ಎರಡೂ ಧಾಟಿ ಬಲ್ಲ ಕೆಲವು ಮಂದಿ ಮತ್ತು ಒಂದು ರೆಕಾರ್ಡರ್. ಧಾರವಾಡ, ಕಲಬುರಗಿ, ಹಂಪಿಯ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.